ಸಾಕ್ಷ್ಯಚಿತ್ರ ಯಾರ ಪರ ಮಾತಾಡುತ್ತಿದೆ? ಗುರುತಿಸುವುದು ಹೀಗೆ

"ಈ ಸಾಕ್ಷ್ಯಚಿತ್ರವನ್ನು ನಂಬಬಹುದಾ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಚುನಾವಣೆ ಹತ್ತಿರ ಬಂದಾಗಂತೂ ಜಾಸ್ತಿ. ಯಾರೋ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿರುತ್ತಾರೆ, ಜೊತೆಗೆ "ತಪ್ಪದೆ ನೋಡಿ" ಅಂತ ಒಂದು ಸಾಲು. ಅದೇ ಚಿತ್ರವನ್ನು ಇನ್ನೊಬ್ಬರು "ಬರೀ ಪ್ರಚಾರ" ಅಂತ ತಳ್ಳಿಹಾಕುತ್ತಾರೆ. ಒಂದೊಂದು ಚಿತ್ರಕ್ಕೂ ನಾನು ಹೌದು-ಅಲ್ಲ ಅನ್ನುತ್ತಾ ಕೂತರೆ ಪ್ರಯೋಜನವಿಲ್ಲ. ನೀವೇ ಕೂತು ಪರೀಕ್ಷೆ ಮಾಡುವ ವಿಧಾನವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸಿನಿಮಾ ಓದಿರಬೇಕಿಲ್ಲ. ತಾಳ್ಮೆ ಇದ್ದರೆ ಸಾಕು.

ಶುರು ಮಾಡುವ ಮುಂಚೆ ಮೂರು ಪದಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ನಿಲುವು, ಪಕ್ಷಪಾತ, ವಂಚನೆ. ನಿರ್ದೇಶಕರಿಗೆ ಒಂದು ಅಭಿಪ್ರಾಯವಿದೆ, ಅದನ್ನು ಮುಚ್ಚಿಡದೆ ಹೇಳುತ್ತಾರೆ; ಅದು ನಿಲುವು. ನಿಲುವಿಲ್ಲದ ಸಾಕ್ಷ್ಯಚಿತ್ರವೇ ಇಲ್ಲ, ಕ್ಯಾಮೆರಾ ಎಲ್ಲಿಡಬೇಕು ಅಂತ ಯಾರಾದರೂ ತೀರ್ಮಾನಿಸಲೇಬೇಕಲ್ವಾ? ಎರಡು ಕಡೆಯವರಿಗೆ ಎರಡು ಅಳತೆ ಹಿಡಿದರೆ ಅದು ಪಕ್ಷಪಾತ. ನಡೆಯದ್ದನ್ನು ನಡೆದಂತೆ, ಹೇಳದ್ದನ್ನು ಹೇಳಿದಂತೆ ತೋರಿಸಿದರೆ ಅದು ವಂಚನೆ. ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕುವುದರಿಂದಲೇ ಅರ್ಧ ಜಗಳ ಹುಟ್ಟುವುದು.

ಒಂದು ಒಳ್ಳೆಯ ಮಾದರಿ ಇದೆ. ಹವಾಮಾನ ಬದಲಾವಣೆ ಕುರಿತು ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಮಾತಾಡುವ 'ಆ್ಯನ್ ಇನ್‌ಕನ್ವೀನಿಯೆಂಟ್ ಟ್ರೂತ್' 2006ರಲ್ಲಿ ಬಂತು. ಬ್ರಿಟನ್ನಿನ ಸರ್ಕಾರ ಅದನ್ನು ಶಾಲೆಗಳಿಗೆ ಹಂಚಲು ಹೊರಟಾಗ ಒಬ್ಬರು ಕೋರ್ಟಿಗೆ ಹೋದರು. 2007ರಲ್ಲಿ ಹೈಕೋರ್ಟ್ ಕೊಟ್ಟ ತೀರ್ಪು ನೋಡಿ: ಚಿತ್ರದ ಮುಖ್ಯ ವಾದ ಸ್ಥೂಲವಾಗಿ ಸರಿಯಿದೆ, ಆದರೆ ಒಂಬತ್ತು ಕಡೆ ಅಂದಿನ ವಿಜ್ಞಾನದ ಒಮ್ಮತಕ್ಕಿಂತ ಆಚೆ ಹೋಗಿದೆ, ಶಾಲೆಯಲ್ಲಿ ತೋರಿಸುವಾಗ ಆ ವಿಷಯವನ್ನು ಶಿಕ್ಷಕರಿಗೆ ತಿಳಿಸುವ ಟಿಪ್ಪಣಿ ಜೊತೆಗಿರಲಿ. "ಪೂರ್ತಿ ಸುಳ್ಳು" ಅಂತಲೂ ಇಲ್ಲ, "ಪೂರ್ತಿ ಸತ್ಯ" ಅಂತಲೂ ಇಲ್ಲ. ನಿಮ್ಮ ತೀರ್ಮಾನವೂ ಇದೇ ಥರ ಎಣಿಸಿ ಹೇಳುವಂತಿರಬೇಕು.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ನು, ಇಯರ್‌ಫೋನ್, ಮತ್ತು ನಿಲ್ಲಿಸಿ ಹಿಂದೆ-ಮುಂದೆ ಓಡಿಸಲು ಬರುವ ಚಿತ್ರ. ನೋಟ್‌ಬುಕ್ಕಿನ ಎಡಗಡೆ ಅಂಚಿನಲ್ಲಿ ಯಾವಾಗಲೂ ಸಮಯ ಬರೆಯಿರಿ. 12:40 ಅಂದರೆ ಹನ್ನೆರಡು ನಿಮಿಷ ನಲವತ್ತು ಸೆಕೆಂಡು. ಎಡಿಟಿಂಗ್ ಮಾಡುವವರು ಇದನ್ನು ಟೈಮ್‌ಕೋಡ್ ಅನ್ನುತ್ತಾರೆ. ಇದಿಲ್ಲದಿದ್ದರೆ ನಾಳೆ ಯಾರಾದರೂ "ಎಲ್ಲಿ ಹಾಗಿದೆ, ತೋರಿಸು" ಅಂದಾಗ ತಡಕಾಡಬೇಕಾಗುತ್ತದೆ.

ಅಭ್ಯಾಸಕ್ಕೆ ಇವತ್ತಿನ ಬಿಸಿ ವಿಷಯ ಬೇಡ. ಫಿಲ್ಮ್ಸ್ ಡಿವಿಷನ್‌ನ ಹಳೆಯ ಕಿರುಚಿತ್ರ ಒಂದನ್ನು ಆರಿಸಿಕೊಳ್ಳಿ. 1948ರಲ್ಲಿ ಶುರುವಾದ ಈ ಸರ್ಕಾರಿ ಸಂಸ್ಥೆಯ ವಾರ್ತಾಚಿತ್ರಗಳನ್ನು ಥಿಯೇಟರಿನವರು ಸಿನಿಮಾಗೆ ಮುಂಚೆ ತೋರಿಸಲೇಬೇಕಿತ್ತು, ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಎಷ್ಟೋ ಚಿತ್ರಗಳು ಯೂಟ್ಯೂಬ್‌ನಲ್ಲಿವೆ. ಚಿಕ್ಕವು, ರಾಜಕೀಯ ಹಳೆಯದು, ರಕ್ತ ಕುದಿಯುವುದಿಲ್ಲ. ಕಲಿಯಲು ಅದೇ ಅನುಕೂಲ.

ಹಂತ 1: ಸುಮ್ನೆ ಒಮ್ಮೆ ನೋಡಿ

ಪೆನ್ನು ಮುಟ್ಟಬೇಡಿ. ಮುಗಿದ ಮೇಲೆ ಎರಡೇ ಸಾಲು ಬರೆಯಿರಿ: ಯಾರ ಮೇಲೆ ಸಿಟ್ಟು ಬಂತು, ಯಾರ ಮೇಲೆ ಕನಿಕರ ಬಂತು. ಮುಂದಿನ ಹಂತಗಳೆಲ್ಲ ಆ ಸಿಟ್ಟು-ಕನಿಕರ ಎಲ್ಲಿಂದ ಬಂತು ಅಂತ ಹುಡುಕುವ ಕೆಲಸ.

ಹಂತ 2: ಮಾತಾಡಿದವರ ಪಟ್ಟಿ ಮಾಡಿ

ಎರಡನೇ ಸಲ ನೋಡುವಾಗ ನಾಲ್ಕು ಕಾಲಂ ಎಳೆಯಿರಿ. ಯಾರು, ತೆರೆಯ ಕೆಳಗೆ ಅವರನ್ನು ಏನೆಂದು ಕರೆದಿದ್ದಾರೆ, ಎಲ್ಲಿ ಕೂತಿದ್ದಾರೆ, ಒಟ್ಟು ಎಷ್ಟು ಹೊತ್ತು ಮಾತಾಡಿದ್ದಾರೆ.

ಎರಡನೇ ಕಾಲಂ ಬಹಳ ಹೇಳುತ್ತದೆ. ತೆರೆಯ ಕೆಳಭಾಗದಲ್ಲಿ ಹೆಸರು-ಹುದ್ದೆ ತೋರಿಸುವ ಆ ಪಟ್ಟಿಯನ್ನು ಟಿವಿಯವರು ಲೋವರ್ ಥರ್ಡ್ ಅನ್ನುತ್ತಾರೆ. ಒಬ್ಬರಿಗೆ "ರಾಜಕೀಯ ವಿಶ್ಲೇಷಕ" ಅಂತ ಬಿರುದು. ಹುಡುಕಿದರೆ ಅವರು ಒಂದು ಪಕ್ಷದ ಮಾಜಿ ವಕ್ತಾರರಾಗಿರಬಹುದು. ಇನ್ನೊಬ್ಬರಿಗೆ ಹೆಸರೇ ಇಲ್ಲ, "ಗ್ರಾಮಸ್ಥ" ಅಷ್ಟೇ. ಊರಿನವರನ್ನು ಹೆಸರಿಲ್ಲದೆ ತೋರಿಸಿ, ಅಧಿಕಾರಿಗಳಿಗೆ ಮಾತ್ರ ಹುದ್ದೆ ಸಮೇತ ಹೆಸರು ಕೊಡುವ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. (ಹೆಸರು ಹೇಳಿದರೆ ಅಪಾಯ ಅಂತ ಮುಚ್ಚಿಟ್ಟಿದ್ದರೆ ಅದು ಬೇರೆ ಮಾತು. ಆಗ ಚಿತ್ರವೇ ಹಾಗಂತ ಹೇಳುತ್ತದೆ.)

ಕೂತ ಜಾಗವೂ ಮುಖ್ಯ. ಒಬ್ಬರ ಹಿಂದೆ ಪುಸ್ತಕದ ಕಪಾಟು, ಮೆತ್ತನೆ ಬೆಳಕು. ಇನ್ನೊಬ್ಬರನ್ನು ಕಾರು ಹತ್ತುವ ಹೊತ್ತಲ್ಲಿ ತಡೆದು ಮೈಕ್ ಹಿಡಿದಿದ್ದಾರೆ. ಕಾರು ಹತ್ತುತ್ತಾ ಉತ್ತರ ಕೊಡುವವರು ಯಾರಾದರೂ ತಪ್ಪು ಮಾಡಿದವರ ಥರವೇ ಕಾಣುತ್ತಾರೆ.

ಎಡವುವ ಜಾಗ: ನಿಮಿಷ ಎಣಿಸಿ ಸಮ ಬಂದರೆ ನ್ಯಾಯ, ಬರದಿದ್ದರೆ ಅನ್ಯಾಯ ಅಂತ ತೀರ್ಮಾನಿಸಬೇಡಿ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ವೈದ್ಯರಿಗೆ ಹತ್ತು ನಿಮಿಷ, ಬರುವುದಿಲ್ಲ ಅನ್ನುವವರಿಗೂ ಹತ್ತು ನಿಮಿಷ ಕೊಟ್ಟರೆ ಅದೂ ಒಂದು ಥರದ ಪಕ್ಷಪಾತವೇ.

ಹಂತ 3: ಸೌಂಡ್ ಬಂದ್ ಮಾಡಿ ನೋಡಿ

ಮಾತು ನಿಂತ ಕೂಡಲೇ ಕ್ಯಾಮೆರಾ ಏನು ಮಾಡುತ್ತಿದೆ ಅನ್ನುವುದು ಕಾಣತೊಡಗುತ್ತದೆ. ಮುಖ್ಯವಾಗಿ ಮೂರು ಸಂಗತಿ ಗಮನಿಸಿ: ಎತ್ತರ, ದೂರ, ಬೆಳಕು. ಕ್ಯಾಮೆರಾ ಕೆಳಗಿದ್ದು ಮೇಲಕ್ಕೆ ನೋಡಿದರೆ ಲೋ ಆಂಗಲ್; ವ್ಯಕ್ತಿ ಎತ್ತರವಾಗಿ, ಬೆನ್ನ ಹಿಂದೆ ಆಕಾಶ ಇಟ್ಟುಕೊಂಡು ಕಾಣುತ್ತಾರೆ. ಮೇಲಿನಿಂದ ಕೆಳಕ್ಕೆ ನೋಡಿದರೆ ಹೈ ಆಂಗಲ್. ಅದೇ ವ್ಯಕ್ತಿ ಕುಗ್ಗಿ ಕಾಣುತ್ತಾರೆ. ತೀರಾ ಹತ್ತಿರದ ಕ್ಲೋಸಪ್‌ನಲ್ಲಿ ಹಣೆಯ ಬೆವರು, ತುಟಿಯ ಅದುರು ಎದ್ದು ಕಾಣುತ್ತದೆ. ಒಬ್ಬರ ಕಣ್ಣೀರಿಗೆ ಕ್ಯಾಮೆರಾ ಹತ್ತಿರ ಹೋಗಿ, ಇನ್ನೊಬ್ಬರ ಕಣ್ಣೀರಿಗೆ ದೂರದಲ್ಲೇ ನಿಂತಿದ್ದರೆ ಬರೆದುಕೊಳ್ಳಿ.

ಈ ವಿದ್ಯೆಯನ್ನು ಅದರ ತುದಿಗೆ ಒಯ್ದ ಚಿತ್ರವೊಂದನ್ನು ನೋಡೋಣ. 1934ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗ್‌ನಲ್ಲಿ ನಾಜಿ ಪಕ್ಷದ ಸಮಾವೇಶ ನಡೆಯಿತು. ಲೆನಿ ರೀಫೆನ್‌ಸ್ಟಾಲ್ ಅದನ್ನು ಚಿತ್ರಿಸಿ 1935ರಲ್ಲಿ 'ಟ್ರಯಂಫ್ ಆಫ್ ದಿ ವಿಲ್' ಅಂತ ಹೊರತಂದರು. ಶುರುವಿಗೆ ಮೋಡ. ಮೋಡದ ನಡುವೆ ವಿಮಾನ. ಕೆಳಗೆ ಊರಿನ ಗೋಪುರಗಳು, ಬೀದಿಯಲ್ಲಿ ನಡೆಯುವ ಸಾಲುಗಳು, ಅವುಗಳ ಮೇಲೆ ಹಾದುಹೋಗುವ ವಿಮಾನದ ನೆರಳು. ಇಷ್ಟಾದ ಮೇಲೆ ಹಿಟ್ಲರ್ ಇಳಿಯುತ್ತಾನೆ. ಒಂದು ಪಕ್ಷದ ನಾಯಕ ಸಮಾವೇಶಕ್ಕೆ ಬಂದ ಅಂತ ಹೇಳಲು ಇಷ್ಟೆಲ್ಲ ಬೇಕಿರಲಿಲ್ಲ. ಆಕಾಶದಿಂದ ಇಳಿದು ಬಂದ ಅನ್ನಿಸಬೇಕಿತ್ತು, ಅದಕ್ಕೆ ಮೋಡ.

ಮುಂದೆಯೂ ಹಾಗೆಯೇ. ಧ್ವಜಕಂಬಕ್ಕೆ ಲಿಫ್ಟ್ ಕಟ್ಟಿ ಕ್ಯಾಮೆರಾವನ್ನು ಮೇಲಕ್ಕೇರಿಸಿದರು. ಅಷ್ಟು ಎತ್ತರದಿಂದ ಲಕ್ಷಾಂತರ ಜನ ಗೆರೆ ಎಳೆದ ಹಾಗೆ ಕಾಣುತ್ತಾರೆ, ಒಬ್ಬೊಬ್ಬರಾಗಿ ಕಾಣುವುದಿಲ್ಲ. ಆದರೆ ನಾಯಕನನ್ನು ಮಾತ್ರ ಕೆಳಗಿನಿಂದ, ಒಂಟಿಯಾಗಿ, ಆಕಾಶದ ಎದುರಿಗೆ ಹಿಡಿದಿದ್ದಾರೆ. ಜನರ ಕ್ಲೋಸಪ್‌ಗಳೂ ಇವೆ. ಎಲ್ಲ ನಗುಮುಖ, ಸಪ್ಪೆ ಮುಖಕ್ಕೆ ಅಲ್ಲಿ ಜಾಗವಿಲ್ಲ. ಕಣ್ಣು ಚುರುಕಾಗಿದ್ದರೆ ಕಂಬದ ಮೇಲೆ ಏರಿಳಿಯುವ ಆ ಲಿಫ್ಟನ್ನು ಚಿತ್ರದಲ್ಲೇ ಹಿಡಿಯಬಹುದು.

ಈ ಇಡೀ ಚಿತ್ರದಲ್ಲಿ ಹಿನ್ನೆಲೆಯಿಂದ ವಿವರಣೆ ಕೊಡುವ ದನಿಯೇ ಇಲ್ಲ ಅನ್ನುವುದನ್ನು ವಿಶೇಷವಾಗಿ ಗಮನಿಸಿ. "ನಮ್ಮ ಚಿತ್ರದಲ್ಲಿ ನಿರೂಪಣೆ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದೇವೆ" ಅಂತ ಯಾರಾದರೂ ಹೇಳಿದರೆ ನೆನಪಿಗೆ ತಂದುಕೊಳ್ಳಿ.

ಇದೇ ತುಣುಕುಗಳು ಆಮೇಲೆ ಎದುರು ಪಾಳಯದ ಕೈಗೆ ಸಿಕ್ಕವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆಗಾಗಿ ಫ್ರಾಂಕ್ ಕಾಪ್ರಾ ಮಾಡಿದ ಪ್ರಚಾರಚಿತ್ರಗಳಲ್ಲಿ ಅವೇ ಶಾಟ್‌ಗಳು ಬೆದರಿಕೆಯಂತೆ ಕಾಣುತ್ತವೆ. ಬ್ರಿಟನ್ನಿನ ಚಾರ್ಲ್ಸ್ ರಿಡ್ಲಿ ಇನ್ನೂ ತುಂಟ. ಸೈನಿಕರ ಹೆಜ್ಜೆಗಳನ್ನು ಹಿಂದೆ ಮುಂದೆ ಓಡಿಸಿ, ಆ ಕಾಲದ ಒಂದು ಕುಣಿತದ ಹಾಡಿಗೆ ಜೋಡಿಸಿಬಿಟ್ಟ. ನಾಜಿ ಪಡೆ ರಂಗದ ಮೇಲೆ ಕುಣಿಯುವ ತಂಡದಂತಾಯಿತು. ಕ್ಯಾಮೆರಾ ಹಿಡಿದದ್ದು ಒಂದೇ, ಅರ್ಥ ಮೂರು.

ಎಡವುವ ಜಾಗ: ಒಂದು ಲೋ ಆಂಗಲ್ ಕಂಡ ಕೂಡಲೇ "ಸಿಕ್ಕಿಬಿದ್ದ!" ಅನ್ನಬೇಡಿ. ನೂಕುನುಗ್ಗಲಿನಲ್ಲಿ ಕ್ಯಾಮೆರಾದವರು ವೇದಿಕೆಯ ಕೆಳಗೆ ನಿಂತಿರುತ್ತಾರೆ, ಬೇರೆ ದಾರಿ ಇರುವುದಿಲ್ಲ. ಒಂದೇ ಕಡೆಯವರಿಗೆ ಮತ್ತೆ ಮತ್ತೆ ಹಾಗೆ ಆಗಿದೆಯೇ ಅಂತ ನೋಡಿ.

ಹಂತ 4: ಈಗ ಕಣ್ಣು ಮುಚ್ಚಿ ಕೇಳಿ

ಹಿನ್ನೆಲೆಯಲ್ಲಿ ಬರುವ ನಿರೂಪಣೆಯ ದನಿಗೆ ವಾಯ್ಸ್ ಓವರ್ ಅನ್ನುತ್ತಾರೆ. ಅದರಲ್ಲಿ ಮೊದಲು ಕ್ರಿಯಾಪದ ಹಿಡಿಯಿರಿ. "ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು" ಅನ್ನುವುದಕ್ಕೂ "ಗುಂಡು ಹಾರಿ ಇಬ್ಬರು ಸಾವಿಗೀಡಾದರು" ಅನ್ನುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ವಾ? ಎರಡನೆಯದರಲ್ಲಿ ಗುಂಡು ತಾನಾಗಿ ಹಾರಿದೆ. ಒಂದು ಕಡೆಯವರು ಮಾಡಿದಾಗ ಕರ್ತೃ ಇದ್ದು, ಇನ್ನೊಂದು ಕಡೆಯವರು ಮಾಡಿದಾಗ ಕರ್ತೃ ಮಾಯವಾದರೆ ಗುರುತು ಹಾಕಿ.

ಆಮೇಲೆ ಸಂಗೀತ. ಯಾರು ತೆರೆಗೆ ಬಂದಾಗ ತಂಬೂರಿ, ಯಾರು ಬಂದಾಗ ಗುಡುಗುವ ಡ್ರಮ್ಮು? ಸಂಗೀತ ಯಾವ ಸೆಕೆಂಡಿನಲ್ಲಿ ಶುರುವಾಯಿತು ಅಂತಲೂ ನೋಡಿ. ಆಪಾದನೆ ಕೇಳಿಬರುವ ಮುಂಚೆಯೇ ಭಯದ ಸ್ವರ ಶುರುವಾಗಿದ್ದರೆ ತೀರ್ಪು ಮೊದಲೇ ಸಿದ್ಧವಾಗಿತ್ತು ಅಂತ ಅರ್ಥ.

ಮೂರನೆಯದು, ನಿರೂಪಕ ಬೇರೆಯವರ ತಲೆಯೊಳಗೆ ಹೊಕ್ಕುವುದು. ಮೈಕಲ್ ಮೂರ್ 2004ರಲ್ಲಿ ಮಾಡಿದ 'ಫ್ಯಾರನ್‌ಹೀಟ್ 9/11'ನಲ್ಲಿ ಒಂದು ಪ್ರಸಿದ್ಧ ದೃಶ್ಯವಿದೆ. 2001ರ ಸೆಪ್ಟೆಂಬರ್ 11ರ ಬೆಳಗ್ಗೆ ಅಮೆರಿಕದ ಅಧ್ಯಕ್ಷ ಬುಷ್ ಫ್ಲಾರಿಡಾದ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ಕೂತಿದ್ದಾರೆ. ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಎರಡನೆಯದಕ್ಕೂ ವಿಮಾನ ಬಡಿಯಿತು ಅಂತ ಸಹಾಯಕ ಕಿವಿಯಲ್ಲಿ ಹೇಳಿದ ಮೇಲೂ ಏಳದೆ ಕೂತೇ ಇದ್ದಾರೆ. ತುಣುಕು ನಿಜ. ಅವರು ನಿಮಿಷಗಟ್ಟಲೆ ಕೂತದ್ದೂ ನಿಜ. ಆದರೆ ಆ ಸಪ್ಪೆ ಮುಖದ ಮೇಲೆ ಮೂರ್ ತಮ್ಮ ದನಿಯಲ್ಲಿ, ಅಧ್ಯಕ್ಷರು ಈಗ ಏನೇನು ಯೋಚಿಸುತ್ತಿರಬಹುದು ಅಂತ ಕೊಂಕು ಪ್ರಶ್ನೆಗಳನ್ನು ಸುರಿಯುತ್ತಾ ಹೋಗುತ್ತಾರೆ. ಅದು ಮೂರ್ ಅವರ ಊಹೆ. ಸೌಂಡ್ ಬಂದ್ ಮಾಡಿ ಅದೇ ದೃಶ್ಯ ನೋಡಿ. ಗಾಬರಿಯನ್ನು ಅದುಮಿಟ್ಟುಕೊಂಡ ಮನುಷ್ಯನೂ ಆ ಮುಖದಲ್ಲಿ ಕಾಣುತ್ತಾನೆ, ಏನು ಮಾಡಬೇಕೆಂದು ತೋಚದವನೂ ಕಾಣುತ್ತಾನೆ.

ಮಾತಾಡುವವರು ಕನ್ನಡದಲ್ಲಿ ಮಾತಾಡಿ ಮೇಲೆ ಇಂಗ್ಲಿಷ್ ಅಥವಾ ಹಿಂದಿ ದನಿ ಬಂದಿದ್ದರೆ ನಿಮಗೊಂದು ಲಾಭವಿದೆ. ದೆಹಲಿಯಲ್ಲೋ ಹೊರದೇಶದಲ್ಲೋ ಕೂತು ನೋಡುವ ಬೇರೆಯವರಿಗೆ ಆ ಸೌಲಭ್ಯವಿಲ್ಲ. ಇಯರ್‌ಫೋನ್ ಹಾಕಿ ಅಡಿಯಲ್ಲಿರುವ ಮೂಲ ಮಾತು ಕೇಳಿ. ಸಬ್‌ಟೈಟಲ್‌ನಲ್ಲಿ ಬಿಟ್ಟುಹೋದ ಅರ್ಧ ವಾಕ್ಯ ಸಿಕ್ಕರೂ ಸಿಕ್ಕೀತು.

ಹಂತ 5: ಕತ್ತರಿ ಬಿದ್ದ ಜಾಗ ಹುಡುಕಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಪಕ್ಷಪಾತ ಹೆಚ್ಚಾಗಿ ಅಡಗುವುದು ಇಲ್ಲೇ.

1920ರ ಆಸುಪಾಸಿನಲ್ಲಿ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಒಬ್ಬ ನಟನ ಭಾವವಿಲ್ಲದ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ಮುಖ ಪ್ರತಿಸಲವೂ ಅದೇ. ನೋಡಿದವರಿಗೆ ಮಾತ್ರ ಹಸಿವು, ದುಃಖ, ಆಸೆ ಬೇರೆ ಬೇರೆಯಾಗಿ ಕಂಡವು. ಎರಡು ಶಾಟ್ ಪಕ್ಕಪಕ್ಕ ಇಟ್ಟರೆ ಎರಡರಲ್ಲೂ ಇಲ್ಲದ ಮೂರನೇ ಅರ್ಥವೊಂದು ನಮ್ಮ ತಲೆಯಲ್ಲಿ ಹುಟ್ಟುತ್ತದೆ. ಇದನ್ನು ಕುಲೆಶೋವ್ ಪರಿಣಾಮ ಅನ್ನುತ್ತಾರೆ.

ಇದರ ರಾಜಕೀಯ ಬಳಕೆಗೆ ಪೀಟರ್ ಡೇವಿಸ್ ಅವರ 'ಹಾರ್ಟ್ಸ್ ಆ್ಯಂಡ್ ಮೈಂಡ್ಸ್' (1974) ನೋಡಿ. ವಿಯೆಟ್ನಾಂ ಯುದ್ಧದ ಮೇಲಿನ ಚಿತ್ರ. ದಕ್ಷಿಣ ವಿಯೆಟ್ನಾಮಿನ ಒಬ್ಬ ಸೈನಿಕನನ್ನು ಮಣ್ಣು ಮಾಡುತ್ತಿದ್ದಾರೆ. ಮನೆಯವರು ಗೋಳಾಡುತ್ತಿದ್ದಾರೆ, ಒಬ್ಬ ಹೆಂಗಸು ಗುಂಡಿಗೇ ಇಳಿಯಲು ಹೋಗುತ್ತಾಳೆ. ಅದರ ಪಕ್ಕದಲ್ಲೇ ಅಮೆರಿಕದ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಪ್ರಶಾಂತವಾಗಿ ಕೂತು, ಪೂರ್ವದ ಜನ ಜೀವಕ್ಕೆ ನಮ್ಮಷ್ಟು ಬೆಲೆ ಕೊಡುವುದಿಲ್ಲ ಅನ್ನುವ ಅರ್ಥದ ಮಾತಾಡುತ್ತಾರೆ.

ಮಾತು ನಿಜ, ಅಳುವೂ ನಿಜ. ಆದರೆ ಜನರಲ್ ಆ ಶವಸಂಸ್ಕಾರ ನೋಡಿ ಆ ಮಾತು ಹೇಳಿದ್ದಲ್ಲ. ಎರಡನ್ನೂ ಹೊಲಿದದ್ದು ನಿರ್ದೇಶಕ. ಹಾಗಾದರೆ ಇದು ಮೋಸವೇ? ನನ್ನ ಪ್ರಕಾರ ಅಲ್ಲ. ಜನರಲ್ ಹೇಳಿದ ಮಾತಿನ ಅರ್ಥ ಆ ಜೋಡಣೆಯಿಂದ ಬದಲಾಗಿಲ್ಲ. ಮಾತಿಗೆ ಉತ್ತರವನ್ನು ಪಕ್ಕದಲ್ಲೇ ಇಟ್ಟಿದ್ದಾರೆ. ನಿಲುವು ಢಾಳಾಗಿದೆ, ಕದ್ದುಮುಚ್ಚಿ ಏನೂ ಇಲ್ಲ. ನೀವು ಒಪ್ಪದೇ ಇರಬಹುದು. ಒಪ್ಪದಿದ್ದರೆ ಯಾಕೆ ಅಂತ ಬರೆಯಿರಿ, ಈ ಅಭ್ಯಾಸದ ಉದ್ದೇಶವೇ ಅದು.

ಇನ್ನೊಂದು ನೋಡಿ, ವ್ಯತ್ಯಾಸ ತಿಳಿಯುತ್ತದೆ. ಬಿಬಿಸಿಯ 'ಪನೋರಮಾ' ಕಾರ್ಯಕ್ರಮ 2024ರ ಅಮೆರಿಕ ಚುನಾವಣೆಗೆ ಸ್ವಲ್ಪ ಮುಂಚೆ ಟ್ರಂಪ್ ಕುರಿತು ಒಂದು ಸಾಕ್ಷ್ಯಚಿತ್ರ ತೋರಿಸಿತು. ಅದರಲ್ಲಿ 2021ರ ಜನವರಿ 6ರ ಭಾಷಣದ ತುಣುಕಿತ್ತು. ನಿಮ್ಮ ಜೊತೆ ಅಮೆರಿಕದ ಸಂಸತ್ ಭವನ ಕ್ಯಾಪಿಟಲ್‌ಗೆ ನಡೆಯುತ್ತೇನೆ ಅನ್ನುವ ಮಾತು, ಅದಕ್ಕೆ ಅಂಟಿಕೊಂಡೇ ಜೋರಾಗಿ ಹೋರಾಡೋಣ ಅನ್ನುವ ಮಾತು. ನಿಜವಾದ ಭಾಷಣದಲ್ಲಿ ಇವೆರಡರ ನಡುವೆ 50 ನಿಮಿಷಕ್ಕೂ ಜಾಸ್ತಿ ಅಂತರವಿತ್ತು. ಶಾಂತಿಯಿಂದ ದನಿ ಎತ್ತಿ ಅಂತ ಹೇಳಿದ ಸಾಲು ಸೇರಿರಲಿಲ್ಲ. 2025ರ ನವೆಂಬರಿನಲ್ಲಿ ಇದು ದೊಡ್ಡ ಸುದ್ದಿಯಾಗಿ ಬಿಬಿಸಿಯ ಮಹಾನಿರ್ದೇಶಕ ಟಿಮ್ ಡೇವಿ, ಸುದ್ದಿ ವಿಭಾಗದ ಮುಖ್ಯಸ್ಥೆ ಡೆಬೊರಾ ಟರ್ನೆಸ್ ಇಬ್ಬರೂ ರಾಜೀನಾಮೆ ಕೊಟ್ಟರು. ಟ್ರಂಪ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ದಿನದ ಗಲಭೆಯಲ್ಲಿ ಅವರ ಪಾಲು ಎಷ್ಟೇ ಇರಲಿ, ಅವರು ಆಡದ ಒಂದು ವಾಕ್ಯ ಅಲ್ಲಿ ತಯಾರಾಗಿತ್ತು. ಹೊಲಿಗೆ ಕಾಣದಂತೆ ಹೊಲಿದದ್ದೇ ಅಲ್ಲಿನ ತಪ್ಪು.

ಕಾಣದ ಹೊಲಿಗೆ ಹಿಡಿಯುವುದು ಹೇಗೆ? ಸಂದರ್ಶನದಲ್ಲಿ ಮಾತಾಡುವವರ ಮುಖ ಬಿಟ್ಟು ಕ್ಯಾಮೆರಾ ಅವರ ಕೈಯನ್ನೋ, ಮೇಜಿನ ಮೇಲಿನ ಫೈಲನ್ನೋ, ತಿರುಗುವ ಫ್ಯಾನನ್ನೋ ತೋರಿಸುತ್ತದೆ, ದನಿ ಮಾತ್ರ ಮುಂದುವರಿಯುತ್ತದೆ. ಇದು ಕಟ್‌ಅವೇ. ಅದರ ಕೆಳಗೆ ಒಂದು ಕತ್ತರಿ ಇರುವ ಸಾಧ್ಯತೆ ಬಹಳ. ಮುಖಕ್ಕೆ ವಾಪಸ್ ಬಂದಾಗ ಗ್ಲಾಸಿನ ನೀರು ಎಷ್ಟಿದೆ, ಕಿಟಕಿಯ ಬಿಸಿಲು ಎಲ್ಲಿಗೆ ಬಂದಿದೆ, ಗೋಡೆ ಗಡಿಯಾರ ಎಷ್ಟು ತೋರಿಸುತ್ತಿದೆ ಅಂತ ನೋಡಿ.

ಕಿವಿಗೂ ಒಂದು ಸುಳಿವಿದೆ. ಉದಾಹರಣೆಗೆ ಒಬ್ಬ ಅಧಿಕಾರಿ ಹೇಳಿದರು ಅಂದುಕೊಳ್ಳಿ: "ಪರಿಹಾರ ಇನ್ನೂ ಕೊಟ್ಟಿಲ್ಲ ಅನ್ನೋದು ನಿಜ, ಆದರೆ ಪಟ್ಟಿ ನಮ್ಮ ಕೈ ಸೇರಿದ್ದೇ ಹೋದ ವಾರ." ಚಿತ್ರದಲ್ಲಿ ಉಳಿದದ್ದು: "ಪರಿಹಾರ ಇನ್ನೂ ಕೊಟ್ಟಿಲ್ಲ ಅನ್ನೋದು ನಿಜ." ಮಾತು ಮುಗಿಸುವಾಗ ನಮ್ಮ ದನಿ ಸಾಮಾನ್ಯವಾಗಿ ಇಳಿಯುತ್ತದೆ. "ನಿಜ" ಅನ್ನುವಲ್ಲಿ ದನಿ ಇಳಿಯದೆ ಮೇಲೆಯೇ ನಿಂತು, ತಟಕ್ಕನೆ ಬೇರೆ ದೃಶ್ಯ ಬಂದರೆ ಮುಂದೆ ಒಂದು "ಆದರೆ" ಇತ್ತು ಅಂತ ಅನುಮಾನ ಪಡಿ. ಎರಡು ಮೂರು ಸಲ ಹಿಂದೆ ಓಡಿಸಿ ಕೇಳಿ. ಸಾರ್ವಜನಿಕ ಭಾಷಣವಾದರೆ ಪೂರ್ತಿ ವಿಡಿಯೊ ಎಲ್ಲಾದರೂ ಸಿಗುತ್ತದೆ, ಹುಡುಕಿ ಹೋಲಿಸಿ.

ಹಾಗೆಯೇ ಘಟನೆಗಳ ಅನುಕ್ರಮ. ಮೈಕಲ್ ಮೂರ್ ಅವರ ಮೊದಲ ಚಿತ್ರ 'ರೋಜರ್ ಆ್ಯಂಡ್ ಮಿ' (1989) ಅಮೆರಿಕದ ಫ್ಲಿಂಟ್ ಎಂಬ ಊರಿನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡ ಕಥೆ. ಕಾರ್ಖಾನೆ ಮುಚ್ಚಿದ ಮೇಲೆ ಊರನ್ನು ಉಳಿಸಲು ಪ್ರವಾಸಿ ಪಾರ್ಕು ಕಟ್ಟಿದರು, ರೊನಾಲ್ಡ್ ರೇಗನ್ ಬಂದು ಹೋದರು ಅನ್ನಿಸುವಂತೆ ಚಿತ್ರ ಸಾಗುತ್ತದೆ. ಆದರೆ ಆಟೋವರ್ಲ್ಡ್ ಪಾರ್ಕು ತೆರೆದದ್ದು 1984ರಲ್ಲಿ. ಚಿತ್ರ ಹೇಳುವ ದೊಡ್ಡ ಮುಚ್ಚುವಿಕೆಯ ಘೋಷಣೆ ಬಂದದ್ದು 1986ರಲ್ಲಿ. ರೇಗನ್ ಭೇಟಿ 1980ರದು, ಆಗಿನ್ನೂ ಅವರು ಅಧ್ಯಕ್ಷ ಪದವಿಯ ಅಭ್ಯರ್ಥಿ. ಊರಿನ ನೋವು ಸುಳ್ಳಲ್ಲ. ಕಾರಣ-ಪರಿಣಾಮದ ಸರಪಳಿ ಮಾತ್ರ ಎಡಿಟಿಂಗ್ ಮೇಜಿನ ಮೇಲೆ ತಯಾರಾದದ್ದು. ಚಿತ್ರದಲ್ಲಿ ಬರುವ ಘಟನೆಗಳನ್ನು ಒಂದು ಹಾಳೆಯಲ್ಲಿ ಚಿತ್ರದ ಕ್ರಮದಲ್ಲಿ ಬರೆಯಿರಿ, ಪಕ್ಕದಲ್ಲಿ ನಿಜವಾದ ತಾರೀಕು ಹಾಕಿ. ಗೆರೆಗಳು ಒಂದನ್ನೊಂದು ದಾಟಿದರೆ ಅಲ್ಲಿ ನಿಲ್ಲಿ.

ಎಡವುವ ಜಾಗ: ಕತ್ತರಿಯೇ ಅಪರಾಧವಲ್ಲ. ಗಂಟೆಗಟ್ಟಲೆ ಮಾತಿನಿಂದ ಎರಡು ನಿಮಿಷ ತೆಗೆಯಲೇಬೇಕಾಗುತ್ತದೆ. ಬಿಟ್ಟ ಭಾಗವನ್ನು ವಾಪಸ್ ಸೇರಿಸಿದರೆ ಅರ್ಥ ಬದಲಾಗುತ್ತದೆಯೇ? ಈ ಒಂದು ಪ್ರಶ್ನೆ ಕೇಳಿದರೆ ಸಾಕು.

ಹಂತ 6: ಕಥೆ ಯಾವ ಇಸವಿಯಿಂದ ಶುರುವಾಗಿದೆ?

ಇದಕ್ಕೆ ನಮ್ಮದೇ ಉದಾಹರಣೆ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇಲ್ಲಿ ನಾವೂ ಒಂದು ಪಕ್ಷ. ಕಾವೇರಿ ವಿವಾದದ ಮೇಲೆ ಚಿತ್ರ ಮಾಡಬೇಕು ಅಂದುಕೊಳ್ಳಿ. 1892 ಮತ್ತು 1924ರ ಒಪ್ಪಂದಗಳಿಂದ ಶುರು ಮಾಡಿದರೆ, ಬ್ರಿಟಿಷರ ನೇರ ಆಳ್ವಿಕೆಯ ಮದ್ರಾಸ್ ಪ್ರಾಂತ್ಯದ ಎದುರು ಮೈಸೂರು ಸಂಸ್ಥಾನ ಕೈಕಟ್ಟಿ ನಿಂತ ಕಥೆಯಾಗುತ್ತದೆ. ಅನ್ಯಾಯವಾದದ್ದು ನಮಗೆ. ತಂಜಾವೂರಿನ ಬಯಲಿನಲ್ಲಿ ಶತಮಾನಗಳಿಂದ ನಡೆದುಬಂದ ಭತ್ತದ ಬೇಸಾಯದಿಂದ ಶುರು ಮಾಡಿ, ಮೇಲ್ಗಡೆ ಕಬಿನಿ, ಹೇಮಾವತಿ, ಹಾರಂಗಿ ಅಣೆಕಟ್ಟುಗಳು ಎದ್ದದ್ದನ್ನು ತೋರಿಸಿದರೆ ಅನ್ಯಾಯವಾದದ್ದು ಅವರಿಗೆ. 1991ರಲ್ಲಿ ನ್ಯಾಯಮಂಡಳಿ 205 ಟಿಎಂಸಿ ಬಿಡಬೇಕು ಅಂತ ಮಧ್ಯಂತರ ಆದೇಶ ಕೊಟ್ಟ ಮೇಲೆ, ಆ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರ ಮೇಲೆ ನಡೆದ ಹಲ್ಲೆಗಳಿಂದ ಶುರು ಮಾಡಿದರೆ ನದಿಯೇ ಹಿಂದೆ ಸರಿದು ಗಲಭೆಯ ಕಥೆಯಾಗುತ್ತದೆ. ಮಂಡ್ಯದ ಒಣಗಿದ ಗದ್ದೆಯಿಂದ ಶುರು ಮಾಡಿ 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಗೆ ಕೊಟ್ಟಲ್ಲಿಗೆ ಮುಗಿಸಿದರೆ ಕೊನೆಗೂ ನ್ಯಾಯ ಸಿಕ್ಕಿದ ಕಥೆ.

ನಾಲ್ಕರಲ್ಲೂ ಒಂದು ಸುಳ್ಳಿಲ್ಲ ನೋಡಿ. ತಾರೀಕುಗಳೆಲ್ಲ ಸರಿ. ಬರೀ ತಪ್ಪು ಹುಡುಕುವವರಿಗೆ ಈ ಥರದ ಪಕ್ಷಪಾತ ಸಿಗುವುದೇ ಇಲ್ಲ. ಅದಕ್ಕೇ ಚಿತ್ರ ಶುರುವಾಗುವ ಇಸವಿ, ಮುಗಿಯುವ ಇಸವಿ ಎರಡನ್ನೂ ಬರೆದುಕೊಂಡು ಕೇಳಿ: ಎದುರು ಕಡೆಯವರು ಈ ಕಥೆಯನ್ನು ಎಲ್ಲಿಂದ ಶುರು ಮಾಡುತ್ತಿದ್ದರು?

ಬಿಟ್ಟುಹೋದವರ ಪಟ್ಟಿಯೂ ಇದೇ ಹಾಳೆಯಲ್ಲಿ ಬರಲಿ. ಕಾವೇರಿ ಚಿತ್ರದಲ್ಲಿ ಎರಡೂ ಕಡೆಯ ಜಮೀನುದಾರರು ಮಾತಾಡಿ, ಗದ್ದೆಯಲ್ಲಿ ಕೂಲಿ ಮಾಡುವವರು ಒಬ್ಬರೂ ಮಾತಾಡದಿದ್ದರೆ? ಕೆಲವೊಮ್ಮೆ ಹೀಗೆ ಕೈಬಿಡುವಂತೆ ಮಾಡಿದವರು ನಿರ್ದೇಶಕರಲ್ಲದೆ ಬೇರೆಯವರೂ ಆಗಿರಬಹುದು. ಅಲೆನ್ ರೆನೆ ನಾಜಿ ಶಿಬಿರಗಳ ಮೇಲೆ 1955ರಲ್ಲಿ ಮಾಡಿದ 'ನೈಟ್ ಆ್ಯಂಡ್ ಫಾಗ್' ಚಿತ್ರದ ಒಂದು ಫೋಟೋದಲ್ಲಿ, ಶಿಬಿರ ಕಾಯುತ್ತಿದ್ದ ಫ್ರೆಂಚ್ ಪೊಲೀಸನ ಟೋಪಿ ಕಾಣುತ್ತಿತ್ತು. ಫ್ರಾನ್ಸಿನ ಸೆನ್ಸಾರ್‌ನವರು ಆ ಟೋಪಿಯನ್ನು ಮರೆಮಾಡಿಸಿದರು. ತಮ್ಮವರೂ ಕೈಜೋಡಿಸಿದ್ದರು ಅನ್ನುವುದು ಕಾಣಬಾರದಿತ್ತು.

ಹಂತ 7: ಹಳೆಯ ತುಣುಕು, ಮರುಸೃಷ್ಟಿ, ಗ್ರಾಫ್

ಬೇಗ ಮುಗಿಯುವ ಹಂತ. ಹಳೆಯ ತುಣುಕು ಬಂದಾಗ ಊರು-ತಾರೀಕು ತೆರೆಯ ಮೇಲಿದೆಯೇ? ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಬೇರೆ ಊರಿನ ಗಲಭೆ ಸಿಗುವುದುಂಟು.

ನಟರಿಂದ ಮತ್ತೆ ಮಾಡಿಸಿದ ದೃಶ್ಯಕ್ಕೆ ಮರುಸೃಷ್ಟಿ ಅನ್ನುತ್ತಾರೆ. ಹಾಗಂತ ಹೇಳಿದ್ದರೆ ಸರಿ. ಬುನ್ಯುಯೆಲ್ 1933ರಲ್ಲಿ ಸ್ಪೇನಿನ ಬಡ ಪ್ರದೇಶದ ಮೇಲೆ ಮಾಡಿದ ಚಿತ್ರದಲ್ಲಿ ಆಡೊಂದು ಬಂಡೆಯಿಂದ ಜಾರಿ ಬೀಳುತ್ತದೆ. ಚಿತ್ರ ನಿಲ್ಲಿಸಿ ಅಂಚಿಗೆ ನೋಡಿದರೆ ಬಂದೂಕಿನ ಹೊಗೆ ಕಾಣುತ್ತದೆ.

ಗ್ರಾಫ್ ಬಂದರೆ ಎಡಗಡೆಯ ಗೆರೆ ಸೊನ್ನೆಯಿಂದ ಶುರುವಾಗಿದೆಯೇ ನೋಡಿ. 90ರಿಂದ ಶುರು ಮಾಡಿದರೆ 92ಕ್ಕೂ 96ಕ್ಕೂ ಬೆಟ್ಟದಷ್ಟು ವ್ಯತ್ಯಾಸ ಕಾಣುತ್ತದೆ.

ಹಂತ 8: ದುಡ್ಡು ಯಾರದು, ಬಂದದ್ದು ಯಾವಾಗ

ಕೊನೆಯಲ್ಲಿ ಓಡುವ ಹೆಸರುಗಳನ್ನು ನಿಲ್ಲಿಸಿ ಓದಿ. ಹಣ ಕೊಟ್ಟವರು, ಸಹಕಾರ ಕೊಟ್ಟವರು, ಕೃತಜ್ಞತೆ ಯಾರಿಗೆ. ಬಿಡುಗಡೆಯ ತಾರೀಕನ್ನು ಚುನಾವಣೆಯ ತಾರೀಕಿನ ಪಕ್ಕ ಇಟ್ಟು ನೋಡಿ.

ಎಡವುವ ಜಾಗ: ಕೆಲವರು ಈ ಹಂತದಿಂದಲೇ ಶುರು ಮಾಡಿ ಇಲ್ಲೇ ಮುಗಿಸುತ್ತಾರೆ. "ಅವರ ದುಡ್ಡು, ಹಾಗಾದರೆ ಸುಳ್ಳು." ಇದು ಸೋಮಾರಿತನ. ದುಡ್ಡಿನ ಮೂಲ ಅನುಮಾನಕ್ಕೆ ಕಾರಣ ಕೊಡುತ್ತದೆ, ಸಾಕ್ಷಿ ಚಿತ್ರದೊಳಗೇ ಸಿಗಬೇಕು. ಫಿಲ್ಮ್ಸ್ ಡಿವಿಷನ್ನಿಗೇ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ 'ಐ ಆ್ಯಮ್ 20' ಮಾಡಿದರು. 1947ರಲ್ಲಿ ಹುಟ್ಟಿದ ಯುವಕ-ಯುವತಿಯರನ್ನು ಮಾತಾಡಿಸುವ ಚಿತ್ರ. ದೇಶದ ಬಗ್ಗೆ ಆಸೆಯ ಜೊತೆ ಬೇಸರ, ಕೊಂಕು ಎರಡೂ ಅಲ್ಲಿ ಧಾರಾಳವಾಗಿವೆ. ಸರ್ಕಾರದ ದುಡ್ಡು, ಸರ್ಕಾರದ ಬ್ಯಾನರು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಹಂತ 9: ತೀರ್ಮಾನ ಬರೆಯಿರಿ

"ಪಕ್ಷಪಾತಿ ಚಿತ್ರ" ಅಂತ ಒಂದೇ ಪದದಲ್ಲಿ ಬರೆಯಬೇಡಿ. ಹೀಗಿರಲಿ:

"12:40. ಅಧಿಕಾರಿಯ ಮಾತು ಮಧ್ಯದಲ್ಲಿ ತುಂಡಾಗಿದೆ, ಮೇಲೆ ಫ್ಯಾನಿನ ಕಟ್‌ಅವೇ. ಪೂರ್ತಿ ಸಂದರ್ಶನ ಸಿಕ್ಕಿಲ್ಲ. ಅನುಮಾನ ಮಾತ್ರ."

"31:05. 2016ರ ಗಲಭೆಯ ತುಣುಕನ್ನು ತಾರೀಕಿಲ್ಲದೆ 1991ರ ಮಾತಿಗೆ ಅಂಟಿಸಲಾಗಿದೆ. ವಂಚನೆ."

"ಇಡೀ ಚಿತ್ರ. ಒಂದು ಕಡೆಯವರಿಗೆ ಹೆಸರು, ಹುದ್ದೆ. ಇನ್ನೊಂದು ಕಡೆಯವರಿಗೆ 'ಸ್ಥಳೀಯರು'. ಪಕ್ಷಪಾತ."

ಅನುಮಾನವನ್ನು ಅನುಮಾನ ಅಂತಲೇ ಬರೆಯಿರಿ. ಆಮೇಲೆ ಪ್ರತಿ ಸಾಲಿನ ಎದುರೂ ಒಂದು ಪ್ರಶ್ನೆ ಹಾಕಿ: ನನಗೆ ಆಗದವರ ವಿರುದ್ಧ ಇದೇ ತಂತ್ರ ಬಳಸಿದ್ದರೆ ನಾನು ಗಮನಿಸುತ್ತಿದ್ದೆನಾ? ಈ ಕಾರಣಕ್ಕೇ, ಹಳೆಯ ಕಿರುಚಿತ್ರದ ಅಭ್ಯಾಸ ಮುಗಿದ ಮೇಲೆ ಮೊದಲ ನಿಜವಾದ ಪರೀಕ್ಷೆಗೆ ನಿಮಗೆ ತುಂಬಾ ಇಷ್ಟವಾದ, ನಿಮ್ಮ ರಾಜಕೀಯಕ್ಕೆ ಹೊಂದುವ ಚಿತ್ರವನ್ನೇ ಆರಿಸಿಕೊಳ್ಳಿ ಅಂತ ಹೇಳುತ್ತೇನೆ. ಆಗದವರ ಚಿತ್ರದಲ್ಲಿ ತಪ್ಪು ಹುಡುಕಲು ಯಾರೂ ಕಲಿಸಬೇಕಾಗಿಲ್ಲ.

ಕೊನೆಗೆ, ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ಇಷ್ಟಕ್ಕೆಲ್ಲ ಸಮಯ ಎಲ್ಲಿದೆ? ಒಂದೂವರೆ ಗಂಟೆಯ ಚಿತ್ರವನ್ನು ಪೂರ್ತಿ ಹೀಗೆ ನೋಡಲು ಒಂದು ಭಾನುವಾರ ಬೇಕು, ನಿಜ. ಅಷ್ಟು ಆಗದಿದ್ದರೆ ಮೂರು ತುಂಡು ಸಾಕು. ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ, ಮತ್ತು ಮೊದಲ ಸಲ ನೋಡಿದಾಗ ನಿಮಗೆ ಅತಿ ಹೆಚ್ಚು ಸಿಟ್ಟು ಬಂದ ಹತ್ತು ನಿಮಿಷ. ಸಮಯ ಇನ್ನೂ ಕಡಿಮೆಯಿದ್ದರೆ ಮೊದಲೆರಡನ್ನು ಬಿಡಿ, ಮೂರನೆಯದನ್ನು ಬಿಡಬೇಡಿ.